ಅರ್ಕಾವತಿಯ ನೀರು ಹೋದ ದಾರಿ

ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಯಾವ ಕಾಲದಲ್ಲಿ ಎಷ್ಟು ನೀರು ಬಂತು ಎಂಬ ಲೆಕ್ಕವನ್ನು ದಶಕಗಳಿಂದ ಬರೆದಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಎರಡು ಅಂಕಿ ಕಣ್ಣಿಗೆ ಹೊಡೆಯುತ್ತವೆ. 1975ಕ್ಕೆ ಮುಂಚೆ ಜಲಾಶಯಕ್ಕೆ ಬರುತ್ತಿದ್ದ ನೀರು ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್. 2000ದ ನಂತರ ಅದು ಸುಮಾರು 6.5 ಕೋಟಿ ಲೀಟರ್. ಆರು ಪಾಲಿನಲ್ಲಿ ಐದು ಪಾಲು ಕಾಣೆಯಾಗಿದೆ.

1933ರಲ್ಲಿ ಕಟ್ಟಿದ ಈ ಜಲಾಶಯ ಅರ್ಕಾವತಿ, ಕುಮುದ್ವತಿ ಎರಡೂ ಕೂಡುವ ಜಾಗದಲ್ಲಿದೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಬಯಲಿಗೆ ಇಳಿಯುತ್ತದೆ. ಕುಮುದ್ವತಿ ನೆಲಮಂಗಲದ ಶಿವಗಂಗೆಯದು. ಎರಡರದೂ ಸೇರಿ ಸುಮಾರು 1,450 ಚದರ ಕಿಲೋಮೀಟರ್ ನೆಲದ ಮೇಲೆ ಬಿದ್ದ ಮಳೆ ಇಲ್ಲಿಗೆ ಹರಿದುಬರಬೇಕು. ಬಹುಪಾಲು ರಾಗಿ ಹೊಲ, ತೋಟ, ಕೆರೆಗಳ ನೆಲ ಅದು. ಆದ್ದರಿಂದ ಜಲಾಶಯದ ಲೆಕ್ಕವನ್ನು ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕ ಎಂದಷ್ಟೇ ಓದಿದರೆ ಸಾಲದು. ದೊಡ್ಡಬಳ್ಳಾಪುರ, ನೆಲಮಂಗಲದ ಹಳ್ಳಿಗಳ ನೆಲದಲ್ಲಿ ಏನಾಯಿತು ಎಂಬುದರ ದಾಖಲೆಯೂ ಅದೇ.

ನಗರ ಇದನ್ನು ಬಹುಕಾಲ ಗಮನಿಸಲಿಲ್ಲ. 1974ರಲ್ಲಿ ಕಾವೇರಿ ನೀರು ಬಂದ ಮೇಲೆ ಅರ್ಕಾವತಿಯ ಕಡೆ ನೋಡುವ ತುರ್ತು ಇರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ ಊರಿಗೆ ಮೊದಲ ಕೊಳಾಯಿ ನೀರು ಕೊಟ್ಟ ಹೆಸರಘಟ್ಟದ ಕೆರೆ ಹುಲ್ಲುಗಾವಲಾಯಿತು. ಹಳ್ಳಿಯವರಿಗೆ ಮಾತ್ರ ಪ್ರತಿ ವರ್ಷವೂ ಗೊತ್ತಾಗುತ್ತಿತ್ತು, ಈ ಸಲವೂ ಕೆರೆ ಕೋಡಿ ಬೀಳಲಿಲ್ಲ ಎಂದು.

ಈ ಸೀಮೆಯ ನೆಲದ ಏರುಪೇರನ್ನು ತಿಳಿಯದೆ ಮುಂದಿನ ಕತೆ ಅರ್ಥವಾಗದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ನೆಲ ದಿಣ್ಣೆ, ಇಳಿಜಾರು, ತಗ್ಗು ಎಂದು ಅಲೆಅಲೆಯಾಗಿ ಸಾಗುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಹಾಸುಬಂಡೆ, ಗೋಮಾಳ. ಅದರ ಕೆಳಗೆ ಕೆಂಪು ಮಣ್ಣಿನ ಖುಷ್ಕಿ ಹೊಲ, ರಾಗಿ, ಅದರ ಸಾಲಿನಲ್ಲಿ ಅವರೆ, ತೊಗರಿ. ತಗ್ಗಿಗೆ ಅಡ್ಡವಾಗಿ ಏರಿ, ಏರಿಯ ಹಿಂದೆ ಕೆರೆ, ತೂಬಿನ ಕೆಳಗೆ ಅಚ್ಚುಕಟ್ಟಿನ ತರಿ ಗದ್ದೆ, ಅಡಿಕೆ ತೆಂಗಿನ ತೋಟ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಅದರದು ಮತ್ತೊಂದಕ್ಕೆ. ದೊಡ್ಡಬಳ್ಳಾಪುರದ ನಾಗರಕೆರೆ, ದೊಡ್ಡತುಮಕೂರು ಕೆರೆ, ಕಾಕೋಳು, ಬ್ಯಾತ, ಹೆಸರಘಟ್ಟ, ಹೀಗೆ ಸಾಲು ಹಿಡಿದ ಕೆರೆಗಳ ನಡುವೆ ಹರಿಯುವುದೇ ಇಲ್ಲಿ ಅರ್ಕಾವತಿ. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಅಷ್ಟರಮಟ್ಟಿಗೆ ಇಲ್ಲಿನವರು ಪ್ರತಿ ತಗ್ಗಿಗೂ ಕೆರೆ ಕಟ್ಟಿದ್ದಾರೆ ಎಂಬ ಅರ್ಥದ ಮಾತನ್ನು ಎಂಜಿನಿಯರ್ ಮೇಜರ್ ಸ್ಯಾಂಕಿ 1866ರಲ್ಲೇ ಬರೆದಿದ್ದರು.

ಇದು ಮೇಲೆ ಕಾಣುವ ನೆಲ. ಕೆಳಗಿನದು ಬೇರೆ. ಕೆಂಪು ಮಣ್ಣಿನಡಿ ಗರಸು, ಅದರಡಿ ಅರೆಕೊಳೆತ ಕಲ್ಲು, ಅದರಡಿ ಗಟ್ಟಿ ಬಂಡೆ. ಈ ಬಂಡೆಗೆ 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ.ಎಫ್. ಸ್ಮೀತ್ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವುದೂ ಅದೇ, ವಯಸ್ಸು ಸುಮಾರು 300 ಕೋಟಿ ವರ್ಷ. ಆ ಕಲ್ಲಿನ ಒಡಲಲ್ಲಿ ನೀರಿಗೆ ಜಾಗವಿಲ್ಲ, ಅದರ ಬಿರುಕುಗಳಲ್ಲಿ ಮಾತ್ರ ಇದೆ. ಹಳೆಯ ತೆರೆದ ಬಾವಿಗಳು ಗಟ್ಟಿ ಕಲ್ಲಿನವರೆಗೆ ಹೋಗುತ್ತಿರಲಿಲ್ಲ. ಮೇಲಿನ ಗರಸು, ಕೊಳೆತ ಕಲ್ಲಿನ ಪದರದಲ್ಲಿ ನಿಂತ ನೀರೇ ಕಪಿಲೆಗೆ ಸಾಕಾಗುತ್ತಿತ್ತು. ಮಳೆಗಾಲ ಮುಗಿದ ಮೇಲೂ ಆ ಪದರದಿಂದ ನೀರು ಜಿನುಗಿ ಹಳ್ಳಕ್ಕೆ ಸೇರುತ್ತಿತ್ತು. ದೀಪಾವಳಿ ಕಳೆದರೂ ಹಳ್ಳ ಹರಿಯುತ್ತಿತ್ತು ಎಂದು ವಯಸ್ಸಾದವರು ಹೇಳುವುದು ಈ ಜಿನುಗನ್ನೇ.

ನೀರು ಕಡಿಮೆಯಾದದ್ದಕ್ಕೆ ಎಲ್ಲರ ಬಾಯಲ್ಲೂ ಬಂದ ಮೊದಲ ಉತ್ತರ ಮಳೆ. ಎರಡನೆಯದು ನೀಲಗಿರಿ. ಈ ಎರಡನೆಯ ಉತ್ತರವನ್ನು ಪರೀಕ್ಷೆಗೆ ಒಡ್ಡಿದ್ದು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯಲ್ಲೇ. ಆ ಪ್ರಯೋಗಕ್ಕೆ ಕನ್ನಡದಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನಗೆ ಯಾವಾಗಲೂ ಅನಿಸಿದೆ.

ನೀಲಗಿರಿಯನ್ನು ಈ ಭಾಗಕ್ಕೆ ಮೊದಲು ತಂದು ನಂದಿಬೆಟ್ಟದ ತೋಟದಲ್ಲಿ ನೆಡಿಸಿದ್ದು ಟಿಪ್ಪು ಸುಲ್ತಾನ, 1790ರ ಸುಮಾರಿಗೆ ಎಂಬುದು ರೂಢಿಯ ಮಾತು. ಆದರೆ ಅದು ರೈತರ ಹೊಲಕ್ಕೆ ಇಳಿದದ್ದು ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ, 1980ರ ದಶಕದಲ್ಲಿ. ಕೂಲಿಯಾಳು ಸಿಗದವನಿಗೆ, ಮನೆಯ ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಹೋದವನಿಗೆ, ಮಳೆ ನೆಚ್ಚಿ ರಾಗಿ ಬಿತ್ತಿ ಸೋತವನಿಗೆ ಅದು ಅನುಕೂಲದ ಮರ. ಒಮ್ಮೆ ನೆಟ್ಟರೆ ದನ ಮುಟ್ಟುವುದಿಲ್ಲ, ಕಾಯಬೇಕಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ತಾನೇ ಚಿಗುರುತ್ತದೆ. ವಿರೋಧವೂ ಅಷ್ಟೇ ಬೇಗ ಹುಟ್ಟಿತು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ನೀಲಗಿರಿ ಅಂತರ್ಜಲವನ್ನೇ ಹೀರುತ್ತದೆ ಎಂದು ಒಂದು ಪಕ್ಷ, ಬೇರೆ ಮರಕ್ಕಿಂತ ಹೆಚ್ಚೇನೂ ಕುಡಿಯುವುದಿಲ್ಲ ಎಂದು ಇನ್ನೊಂದು ಪಕ್ಷ. ಇಬ್ಬರ ಕೈಯಲ್ಲೂ ಅಳತೆ ಇರಲಿಲ್ಲ.

ಆ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಾಲಿಂಗ್‌ಫರ್ಡ್‌ನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ಇಲಾಖೆ, ಕೃಷಿ ವಿಶ್ವವಿದ್ಯಾಲಯದವರು ಸೇರಿ ಅಳತೆಗೆ ಇಳಿದರು. ಶಿವಮೊಗ್ಗದ ಕಡೆ ಪುರದಾಳು, ದೇವಬಾಳ್‌ನಲ್ಲಿ ಮತ್ತು ಹೊಸಕೋಟೆಯ ಹೊಲದಲ್ಲಿ ಪ್ರಯೋಗದ ತಾಕುಗಳಾದವು. ನೆಲದೊಳಕ್ಕೆ ಉದ್ದನೆಯ ಕೊಳವೆ ಹೂತು, ಅದರಲ್ಲಿ ನ್ಯೂಟ್ರಾನ್ ಪ್ರೋಬ್ ಎಂಬ ಉಪಕರಣ ಇಳಿಬಿಟ್ಟು, ಯಾವ ಆಳದಲ್ಲಿ ಮಣ್ಣು ಎಷ್ಟು ಹಸಿ ಇದೆ ಎಂದು ನೋಡಿದರು. ಮರದ ಕಾಂಡಕ್ಕೆ ಡ್ಯೂಟೇರಿಯಂ ಇರುವ ಭಾರಜಲ ಸೇರಿಸಿ, ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಉಸಿರಾಗಿ ಹೊರಬಂದ ನೀರನ್ನು ಹಿಡಿದು, ಒಂದು ಮರ ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿದರು.

ಬಂದ ಫಲ ಎರಡೂ ಪಕ್ಷಕ್ಕೆ ಪೂರ್ತಿ ಒಪ್ಪಿಗೆಯಾಗುವಂಥದ್ದಲ್ಲ. ಮಣ್ಣಿನ ಆಳ ಸಾಧಾರಣವಾಗಿರುವ ಕಡೆ ನೀಲಗಿರಿ ಕುಡಿದದ್ದು ಅಲ್ಲಿನ ಎಲೆ ಉದುರುವ ಕಾಡು ಕುಡಿದಷ್ಟೇ, ಅಂದರೆ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟು. ರಾಗಿ ಹೊಲಕ್ಕೆ ಹೋಲಿಸಿದರೆ ಅದು ಸುಮಾರು ಎರಡು ಪಟ್ಟು. ಮಣ್ಣು ಎಂಟು ಮೀಟರಿಗೂ ಆಳವಿದ್ದ ಹೊಸಕೋಟೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗಾಯಿತು. ಮೂರು ವರ್ಷದಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್. ಅದೇ ಮೂರು ವರ್ಷದಲ್ಲಿ ನೀಲಗಿರಿ ತಾಕಿನಿಂದ ಆಕಾಶಕ್ಕೆ ಹೋದ ನೀರು ಅಂದಾಜು 3,400 ಮಿಲಿಮೀಟರ್. ಮಿಕ್ಕ 1,300 ಎಲ್ಲಿಂದ ಬಂತು?

ಬೇರುಗಳು ಅಂತರ್ಜಲದ ಮಟ್ಟವನ್ನು ಮುಟ್ಟಿದ ಸುಳಿವು ಸಿಗಲಿಲ್ಲ. ವರ್ಷವರ್ಷವೂ ಬೇರು ಹೊಸ ಆಳಕ್ಕೆ ಇಳಿದು, ಆ ಪದರದಲ್ಲಿ ಯಾವ ಕಾಲದಿಂದಲೋ ಉಳಿದಿದ್ದ ಹಸಿಯನ್ನು ಹೀರುತ್ತಿತ್ತು. 1997ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕಾಲ್ಡರ್ ಮತ್ತು ಜೊತೆಗಾರರು ಕೊಟ್ಟ ವಿವರಣೆ ಇದು. ಅಂದರೆ ಮರ ಬಾವಿಯ ನೀರನ್ನು ಕದಿಯುವುದಿಲ್ಲ, ಬಾವಿಗೆ ಇಳಿಯಬೇಕಾದ ನೀರನ್ನು ಹಾದಿಯಲ್ಲೇ ಕುಡಿಯುತ್ತದೆ. ಒಂದೂವರೆ ವರ್ಷದ ಮಳೆಗೂ ಮೀರಿದ ನೀರು ಆ ಮಣ್ಣಿನಲ್ಲಿ ಖಾಲಿಯಾಗಿದೆ. ಅದು ಮತ್ತೆ ನೆನೆದು ತುಂಬುವವರೆಗೆ ಮೇಲಿನಿಂದ ಎಷ್ಟೇ ಮಳೆ ಸುರಿದರೂ ಕೆಳಗಿನ ಪದರಕ್ಕೆ ಹನಿ ಇಳಿಯದು. ಮರ ಕಡಿದರೂ ಬೇರು ಆಳದಲ್ಲೇ ಇರುತ್ತದೆ, ಚಿಗುರಿದ ದಿನದಿಂದ ಕುಡಿಯಲು ಶುರು.

ರಾಜ್ಯ ಸರ್ಕಾರ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿದ್ದು 2017ರಲ್ಲಿ. ಹೊಸಕೋಟೆಯ ಅಳತೆ ಪ್ರಕಟವಾಗಿ ಆಗಲೇ ಇಪ್ಪತ್ತು ವರ್ಷ ಕಳೆದಿತ್ತು.

ಆದರೆ ಅರ್ಕಾವತಿಗೆ ಏನಾಯಿತು ಎಂಬುದಕ್ಕೆ ಇದೊಂದೇ ಉತ್ತರವೆನ್ನಲು ಆಗದು. ಆ ಪ್ರಶ್ನೆಯನ್ನು ಇಡಿಯಾಗಿ ಕೈಗೆತ್ತಿಕೊಂಡದ್ದು ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ, ಬರ್ಕ್ಲಿಯಲ್ಲಿದ್ದ ಸ್ಯಾಲಿ ಥಾಂಪ್ಸನ್ ಮತ್ತು ಸಂಗಡಿಗರು. ಅಮೆರಿಕದ ಭೂವಿಜ್ಞಾನಿ ಚೇಂಬರ್ಲಿನ್ 1890ರಲ್ಲಿ ಒಂದು ವಿಧಾನ ಹೇಳಿದ್ದರು. ಒಂದೇ ಊಹೆಯನ್ನು ಹಿಡಿದರೆ ಅದರ ಮೇಲೆ ಮಮತೆ ಬೆಳೆಯುತ್ತದೆ, ಆದ್ದರಿಂದ ಸಾಧ್ಯವಿರುವ ಎಲ್ಲ ಊಹೆಗಳನ್ನೂ ಒಟ್ಟಿಗೆ ಮುಂದಿಟ್ಟು ಒಂದೊಂದನ್ನೇ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಈ ತಂಡ ಅದನ್ನೇ ಅನುಸರಿಸಿತು. ಮಳೆ ಕಡಿಮೆಯಾಯಿತೆ? ಬಿಸಿಲು ಹೆಚ್ಚಾಗಿ ನೀರು ಆವಿಯಾಯಿತೆ? ಕೊಳವೆಬಾವಿಗಳು ಕಾರಣವೆ? ನೀಲಗಿರಿಯೆ? ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್‌ಡ್ಯಾಂ, ಬದುಗಳೆ?

2015ರಲ್ಲಿ ಉತ್ತರ ಪ್ರಕಟವಾಯಿತು. ಮಳೆಯ ಮೊತ್ತದಲ್ಲಾಗಲಿ ಸುರಿಯುವ ಬಿರುಸಿನಲ್ಲಾಗಲಿ ಹೊಳೆ ಬತ್ತುವಷ್ಟು ಬದಲಾವಣೆ ಕಾಣಲಿಲ್ಲ. ತಾಪಮಾನ ಏರಿದೆ, ಆದರೆ ಅದು ಕುಡಿದ ನೀರು ಈ ನಷ್ಟದ ಮುಂದೆ ಚಿಕ್ಕದು. ಉಳಿದ ಮೂರು ಕಾರಣಗಳು ನಿಂತವು. ಅಂತರ್ಜಲ ಎತ್ತಿದ್ದು, ನೀಲಗಿರಿ, ಹಳ್ಳಕ್ಕೆ ಹಾಕಿದ ಅಡ್ಡಗಟ್ಟುಗಳು. ಆಕಾಶದ ಮೇಲೆ ಹೊರಿಸಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಇಲ್ಲಿ ನಾನೇ ಮಾಡಿದ ಒಂದು ಸರಳ ಲೆಕ್ಕ ಹೇಳಬೇಕು. ಜಲಾಶಯಕ್ಕೆ ಬಂದ ನೀರನ್ನು ಅದರ ಜಲಾನಯನದ ಮೇಲೆ ಸಮನಾಗಿ ಹರಡಿದರೆ 1975ಕ್ಕೆ ಮುಂಚೆ ವರ್ಷಕ್ಕೆ ಸುಮಾರು 97 ಮಿಲಿಮೀಟರ್ ಆಗುತ್ತದೆ, 2000ದ ನಂತರ ಸುಮಾರು 16. ಮಳೆ ಮಾತ್ರ ಎಂದಿನಂತೆ 800. ಒಳ್ಳೆಯ ಕಾಲದಲ್ಲೂ ಬಿದ್ದ ಮಳೆಯ ಎಂಟನೇ ಒಂದು ಪಾಲಷ್ಟೇ ಹೊಳೆಯಾಗಿ ಹರಿಯುತ್ತಿತ್ತು. ಮಿಕ್ಕದ್ದನ್ನು ರಾಗಿ, ಭತ್ತ, ಹುಲ್ಲು, ಮರ, ಬಿಸಿಲು ಹಂಚಿಕೊಳ್ಳುತ್ತಿದ್ದವು. ಈ ಸೀಮೆಯಲ್ಲಿ ಹೊಳೆ ಎಂದರೆ ಹೊಲಗಳು ತಿಂದು ಮಿಗಿಸಿದ್ದು. ಹೊಲ ತಾನು ಕುಡಿಯುವುದನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿಕೊಂಡರೂ ಹೊಳೆಯಲ್ಲಿ ಉಳಿಯುವುದು ಅಲ್ಪ. ಹತ್ತಾರು ಹಳ್ಳಿಗಳಲ್ಲಿ ರಾಗಿಯ ಜಾಗಕ್ಕೆ ನೀಲಗಿರಿ ಬಂತು, ಖುಷ್ಕಿ ಹೊಲಕ್ಕೆ ಕೊಳವೆಬಾವಿ ನೀರು ಹರಿದು ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬಂತು. ಯಾವ ರೈತನೂ ತಪ್ಪು ಮಾಡಿರಲಿಲ್ಲ. ಬೆಂಗಳೂರಿನ ಮಾರುಕಟ್ಟೆ ಕೇಳಿದ್ದನ್ನು ಬೆಳೆದರು, ಬ್ಯಾಂಕು ಕೊಟ್ಟ ಸಾಲದಲ್ಲಿ ಬೋರು ಕೊರೆಸಿದರು, ಇಲಾಖೆ ಕೊಟ್ಟ ಸಸಿ ನೆಟ್ಟರು.

ಚೆಕ್‌ಡ್ಯಾಂ ವಿಷಯ ನನಗೆ ಹೆಚ್ಚು ನೋವಿನದು. ನೀರು ಇಂಗಿಸಿ ಎಂದು ದಶಕಗಳಿಂದ ಹೇಳಿಕೊಂಡು ಬಂದಿದ್ದೇವೆ. ಜಲಾನಯನ ಯೋಜನೆಗಳಲ್ಲಿ ಪ್ರತಿ ಹಳ್ಳಕ್ಕೂ ಕಟ್ಟೆ ಹಾಕಿದ್ದೇವೆ. ಮೇಲಿನ ಹಳ್ಳಿಯಲ್ಲಿ ಹಿಡಿದ ನೀರು ಕೆಳಗಿನ ಕೆರೆಗೆ ಬಾರದ ನೀರೂ ಹೌದು ಎಂಬ ಸತ್ಯವನ್ನು ಆ ಯೋಜನೆಗಳ ಫಲಕದಲ್ಲಿ ಯಾರೂ ಬರೆಯಲಿಲ್ಲ. ಮೇಲೆ ಇಂಗಿದ ನೀರು ಹಿಂದಿನಂತೆ ಜಿನುಗಿ ಹಳ್ಳಕ್ಕೆ ಬಂದಿದ್ದರೆ ದೋಷವಿರಲಿಲ್ಲ. ಆದರೆ ಜಿನುಗುವ ಆ ಮೇಲಿನ ಪದರವೇ ಅಷ್ಟು ಹೊತ್ತಿಗೆ ಒಣಗಿತ್ತು.

ಆ ಒಣಗುವಿಕೆಯ ಬಗೆಯನ್ನು ತಿಳಿಯಲು ಸಂಶೋಧಕರು ದೊಡ್ಡಬಳ್ಳಾಪುರ ತಾಲ್ಲೂಕಿನ ಅರಳುಮಲ್ಲಿಗೆ, ದೊಡ್ಡತುಮಕೂರು ಕಡೆಯ ಸಣ್ಣ ಜಲಾನಯನಗಳಿಗೆ ಹೋದರು. ಭೂಜಲವಿಜ್ಞಾನಿ ಬಲ್ಲುಕ್ರಾಯ ಮತ್ತು ವೀಣಾ ಶ್ರೀನಿವಾಸನ್ ಅಲ್ಲಿ ಕೊಳವೆಬಾವಿಗಳ ನೀರಿನ ಮಟ್ಟ ನೋಡಿದಾಗ ಒಂದೇ ಜಾಗದಲ್ಲಿ ಅಕ್ಕಪಕ್ಕದ ಬಾವಿಗಳ ಮಟ್ಟಕ್ಕೆ ತಾಳೆಯೇ ಇರಲಿಲ್ಲ. ಒಂದರಲ್ಲಿ ನೀರು ಮೇಲೇ ಇದೆ, ಅದರ ಪಕ್ಕದ್ದರಲ್ಲಿ ನೂರಾರು ಮೀಟರ್ ಕೆಳಗಿದೆ. ಪುಸ್ತಕದಲ್ಲಿ ಅಂತರ್ಜಲಕ್ಕೆ ಒಂದು ಮಟ್ಟ ಇರುತ್ತದೆ, ತೊಟ್ಟಿಯಲ್ಲಿ ನಿಂತ ನೀರಿಗಿರುವಂತೆ. ಈ ನೆಲದಲ್ಲಿ ಹಾಗಿಲ್ಲ. ಮೇಲಿನ ಬಿರುಕಿನ ನೀರು ಒಂದು, ಆಳದ ಬಿರುಕಿನ ನೀರು ಇನ್ನೊಂದು. ಎರಡರ ನಡುವೆ ಸಂಪರ್ಕ ಅಲ್ಲಲ್ಲಿ ಮಾತ್ರ. ಆಳದ್ದನ್ನು ಎತ್ತಿ ಎತ್ತಿ ಖಾಲಿ ಮಾಡಿದಾಗ ಅದರ ಒತ್ತಡ ಇಳಿಯುತ್ತದೆ, ಸಂಪರ್ಕ ಸಿಕ್ಕ ಕಡೆ ಮೇಲಿನದೂ ಕೆಳಕ್ಕೆ ಸೋರುತ್ತದೆ.

ರೈತರಿಗೆ ಇದು ತಮ್ಮದೇ ಮಾತಿನಲ್ಲಿ ಗೊತ್ತಿದ್ದ ಸಂಗತಿ. ಅಣ್ಣನ ಹೊಲದ ಬೋರಿನಲ್ಲಿ ಎರಡಿಂಚು ನೀರು, ಬದುವಿನ ಈಚೆ ತಮ್ಮ ಕೊರೆಸಿದ್ದು ಬರೀ ಧೂಳು. ರಿಗ್ ಲಾರಿ ತಿರುಗಿ ಹೋದ ಮೇಲೆ ತಮ್ಮನ ಮನೆಯಲ್ಲಿ ಸಾಲ ಉಳಿಯುತ್ತದೆ, ಊರಿನಲ್ಲಿ ಅದನ್ನು ಹಣೆಬರಹ ಎನ್ನುತ್ತಾರೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವನ ಮೇಲೆ ನಂಬಿಕೆ ಉಳಿದಿರುವುದು ಇದಕ್ಕೇ. ನೆಲ ನಿಜಕ್ಕೂ ಹತ್ತು ಹೆಜ್ಜೆಗೊಂದು ಬಗೆಯಲ್ಲಿ ನಡೆದುಕೊಳ್ಳುವಾಗ ಯಾವ ಇಲಾಖೆಯ ಸರಾಸರಿ ಅಂಕಿಯೂ ಆ ತಮ್ಮನ ನೆರವಿಗೆ ಬರುತ್ತಿರಲಿಲ್ಲ. ಅರಳುಮಲ್ಲಿಗೆಯ ಅಳತೆ ಅವನ ಅನುಭವವನ್ನು ವಿಜ್ಞಾನದ ಪುಟಕ್ಕೆ ಸೇರಿಸಿತು. ಈ ಕತೆಯಲ್ಲಿ ನಾನು ಬಹಳ ದೊಡ್ಡದೆಂದು ಎಣಿಸುವ ಭಾಗ ಅದು.

ಅದೇ ಹೊತ್ತಿಗೆ ಗೋಪಾಲ್ ಪೆನ್ನಿ ಎಂಬ ಸಂಶೋಧಕರು ಮತ್ತೊಂದು ದಾರಿ ಹಿಡಿದರು. ಈ ಕೆರೆಗಳಲ್ಲಿ ಯಾವ ವರ್ಷ ಎಷ್ಟು ನೀರಿತ್ತು ಎಂದು ಯಾರೂ ಬರೆದಿಟ್ಟಿಲ್ಲ, ನೀರಗಂಟಿಗಳ ನೆನಪೂ ಅವರೊಂದಿಗೆ ಹೋಯಿತು. ಆದರೆ 1970ರ ದಶಕದಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಈ ನೆಲದ ಮೇಲೆ ಹಾದುಹೋಗುತ್ತ ಚಿತ್ರ ತೆಗೆಯುತ್ತಲೇ ಇದ್ದವು. ಸಾವಿರಕ್ಕೂ ಮೀರಿದ ಕೆರೆಗಳ ನೀರಿನ ಹರಹನ್ನು ಆ ಹಳೆಯ ಚಿತ್ರಗಳಿಂದ ಅಳೆದು, 2018ರಲ್ಲಿ ಅವರ ತಂಡ ಫಲ ಪ್ರಕಟಿಸಿತು. ಅರ್ಕಾವತಿಯ ಉತ್ತರದ ಕಡೆ, ಹಳ್ಳಿಗಳ ಕೆರೆಗಳು ಒಣಗಿವೆ. ಬೆಂಗಳೂರಿಗೆ ಹತ್ತಿರದ ಕೆರೆಗಳಲ್ಲಿ ನೀರು ಹೆಚ್ಚಿದೆ, ನಗರದ ಕೊಳಚೆ ಹರಿದುಬಂದು. ಒಂದೇ ಹೊಳೆಯ ಬಯಲಿನಲ್ಲಿ ಎರಡು ವಿರುದ್ಧ ಬದಲಾವಣೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಎರಡೂ ಕಾಣುತ್ತಿರಲಿಲ್ಲ.

ಸರಾಸರಿ ಎಷ್ಟು ಮೋಸ ಮಾಡಬಲ್ಲದು ಎಂಬುದು 2019ರಲ್ಲಿ ಇನ್ನೂ ಸ್ಪಷ್ಟವಾಯಿತು. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂದು ಸರ್ಕಾರಿ ವೀಕ್ಷಣಾ ಬಾವಿಗಳ ಅಂಕಿಗಳು ತೋರಿಸುತ್ತಿದ್ದವು. ಬೋರು ಬತ್ತಿ ಕಂಗೆಟ್ಟ ಊರುಗಳಿಗೆ ಅದು ನಂಬಲಾಗದ ಸುದ್ದಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ತೇಜಸ್ವಿ ಹೋರಾ, ನಂದಿತಾ ಬಸು ಮತ್ತು ವೀಣಾ ಶ್ರೀನಿವಾಸನ್ ಅಂಕಿಗಳ ಒಳಗೆ ಇಳಿದು ನೋಡಿದರು. ಬಾವಿ ಬತ್ತಿದ ವರ್ಷ ಅದರ ಅಳತೆಯೇ ಇರುವುದಿಲ್ಲ. ಅಳತೆ ಇಲ್ಲದ ಬಾವಿಯನ್ನು ವಿಶ್ಲೇಷಣೆಯಿಂದ ಬಿಡುತ್ತಾರೆ. ಉಳಿದ ಬಾವಿಗಳೆಲ್ಲ ನೀರಿರುವವು, ಅವುಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಸತ್ತವರನ್ನು ಬಿಟ್ಟು ಬದುಕಿದವರ ಆರೋಗ್ಯ ಮಾತ್ರ ಅಳೆದಂತಾಗಿತ್ತು. ಬಿಟ್ಟುಹೋದ ಬಾವಿಗಳನ್ನೂ ಗಣನೆಗೆ ತಂದಾಗ ಚೇತರಿಕೆ ಮಾಯವಾಗಿ ಕುಸಿತ ಕಂಡಿತು. ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ.

2021 ಮತ್ತು 2022ರ ಭಾರಿ ಮಳೆಗೆ ದೊಡ್ಡಬಳ್ಳಾಪುರದ ಕೆರೆಗಳು ಎಷ್ಟೋ ವರ್ಷಗಳ ನಂತರ ಕೋಡಿ ಬಿದ್ದವು. ಜನ ಏರಿಯ ಮೇಲೆ ಬಂದು ನಿಂತರು, ಬಾಗಿನ ಅರ್ಪಿಸಿದರು. ಆ ಸಂತೋಷ ಸಹಜವಾದದ್ದು. ಆದರೆ ಹಿಂದೆ ಸಾಧಾರಣ ಮಳೆಗೆ ತುಂಬುತ್ತಿದ್ದ ಕೆರೆಗೆ ಈಗ ಅಸಾಧಾರಣ ಮಳೆ ಬೇಕಾಯಿತು ಎಂಬುದನ್ನು ಆ ಎರಡು ವರ್ಷ ತೋರಿಸಿಕೊಟ್ಟವು. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯ ಕೆರೆಗಳಲ್ಲಿ ನೀರಿದ್ದರೂ ಊರಿನವರು ಮುಟ್ಟದಂತಾಗಿದೆ. ದೊಡ್ಡಬಳ್ಳಾಪುರ ಪಟ್ಟಣದ ಕೊಳಚೆ, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಅಲ್ಲಿಗೆ ಸೇರುತ್ತಿದೆ ಎಂದು ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ.

ಈಗ ಎತ್ತಿನಹೊಳೆಯ ನೀರು ಬರುತ್ತದೆ ಎಂಬ ಭರವಸೆ. ಪಶ್ಚಿಮಘಟ್ಟದಿಂದ ನೀರನ್ನು ಎತ್ತಿ ಇತ್ತ ತರುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿದೆ. ಸಾವಿರಾರು ಕೋಟಿ ರೂಪಾಯಿ ಖರ್ಚು ಮಾಡಿ ತಂದ ನೀರನ್ನು ಒಣಗಿದ ಕೆರೆಯ ಅಂಗಳಕ್ಕೆ ಬಿಟ್ಟಾಗ ಅದು ಮೊದಲು ತಣಿಸುವುದು ಯಾವುದನ್ನು, ಆಳದ ಮಣ್ಣನ್ನೋ, ಮೇಲಿನ ಬಿರುಕುಗಳನ್ನೋ, ಮುನ್ನೂರು ಮೀಟರಿನ ಬೋರುಗಳನ್ನೋ? ಇದಕ್ಕೆ ಉತ್ತರ ಹೊಸಕೋಟೆಯ ತಾಕಿನಲ್ಲಿ ಒಂದು ಬಗೆ, ಅರಳುಮಲ್ಲಿಗೆಯಲ್ಲಿ ಇನ್ನೊಂದು ಬಗೆ. ಕೊಳವೆ ಹಾಕುವ ಮುನ್ನ ಪ್ರತಿ ಕೆರೆಯ ಅಂಗಳದಲ್ಲೂ ಮಣ್ಣಿನ ಆಳವನ್ನು, ಸುತ್ತಲಿನ ಪ್ರತಿ ಬಾವಿಯ ಮಟ್ಟವನ್ನು, ಬತ್ತಿದವನ್ನೂ ಬಿಡದೆ ಅಳೆದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ಅಳೆಯುವ ವಿಧಾನ ಈಗ ಗೊತ್ತಿದೆ. ಅದನ್ನು ಕಂಡುಕೊಂಡದ್ದೂ ಇದೇ ನೆಲದ ಹೊಲಗಳಲ್ಲಿ.